ಕಬ್ಬಿನ ಪಾಳಿ ಮತ್ತು ಕಾರ್ಡಿಲ್ಲದ ಕಂಪ್ಯೂಟರು

ಮೊನ್ನೆ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಬೆಳಗಾವಿಗೆ ಹೋಗಿದ್ದೆ. ಮಗ ಬಿಡುವಾದಾಗ ಒಂದಿಷ್ಟು ಆಟ ಆಡುತ್ತಾನೆ ಅಂತ ಬಾಯಿಬಿಟ್ಟಿದ್ದೇ ತಪ್ಪಾಯಿತು, ಅಂಗಡಿಯವನು ಗ್ರಾಫಿಕ್ಸ್ ಕಾರ್ಡಿನ ಪುರಾಣ ಶುರುಮಾಡಿದ. ಆಟ ಅಂದಮೇಲೆ ಬೇರೆ ಕಾರ್ಡು ಬೇಕೇ ಬೇಕಂತೆ. ಪ್ರೊಸೆಸರಿನ ಜೊತೆಗೇ ಬರುವ ಗ್ರಾಫಿಕ್ಸನ್ನು ನೆಚ್ಚಿಕೊಂಡರೆ ಆಟ ನಿಂತು ನಿಂತು ಓಡುತ್ತದಂತೆ, ಆಮೇಲೆ ನಾನೇ ಬಂದು ಬೈಯುತ್ತೇನಂತೆ. ನಾನು ಹೀಗೆಲ್ಲ ಹೆದರುವ ಹೆಂಗಸಲ್ಲ. ಅವನು ಆಡುವ ಆಟಕ್ಕೆ ಜೊತೆಗೆ ಬಂದದ್ದೇ ಸಾಕು, ಕಾರ್ಡಿಲ್ಲದ್ದನ್ನೇ ಕೊಡಪ್ಪಾ ಅಂದೆ. ಮಗನ ಮುಖ ಊದಿಕೊಂಡಿತು. ಬಸ್ಸಿನಲ್ಲಿ ಬೈಲಹೊಂಗಲಕ್ಕೆ ವಾಪಸು ಬರುವಾಗ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬಂತು, ಸುಟ್ಟ ಬೆಲ್ಲಕ್ಕೆ ಹುಳಿ ಹಿಡಿದಂಥದ್ದು. ಮಗ ಮೂಗು ಮುಚ್ಚಿಕೊಂಡ. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಈ ವಿಷಯದಲ್ಲಿ ನನಗಿಷ್ಟು ಖಾತ್ರಿ ಎಲ್ಲಿಂದ ಬಂತು ಅಂತ ಹೇಳಲು ಬಾಯಿ ತುರಿಸುತ್ತಿತ್ತು, ಅವನಿಗೆ ಕೇಳುವ ಮನಸ್ಸಿರಲಿಲ್ಲ. ನಿಮಗೆ ಹೇಳುತ್ತೇನೆ.

ಅದು ಎರಡು ಸಾವಿರದ ಐದು. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಹೊಗೆ ಬಿಡಲು ಶುರುಮಾಡಿದ ಕಾಲ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ ನನಗೆ ಸ್ವಂತ ಕ್ಲಾಸು ತೆಗೆಯಬೇಕೆಂಬ ಹಟ. ಬೈಲಹೊಂಗಲದಲ್ಲಿ ಅಷ್ಟೊತ್ತಿಗಾಗಲೇ ಗಲ್ಲಿಗೊಂದು ಕ್ಲಾಸು. ದಾರಿ ತೋರಿಸಿದವಳು ನಮ್ಮ ಚಿಗವ್ವ ಗಂಗವ್ವ, ನಮ್ಮವ್ವನ ತಂಗಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಾರ್ಖಾನೆಗೆ ಹೋಗುವ ರಸ್ತೆಯ ಮೇಲೆ ಅವಳು ಖಾನಾವಳಿ ನಡೆಸುತ್ತಿದ್ದಳು. ಮಗ್ಗುಲಲ್ಲಿ ಒಂದು ಕೋಣೆ ಖಾಲಿ ಇತ್ತು. ಮುಂಜಾನೆ ಸಾಲಿ ಹುಡುಗರಿಗೆ ಕಲಿಸು, ಮಧ್ಯಾಹ್ನ ನನ್ನ ಡ್ರೈವರುಗಳಿಗೆ ಆಟ ಹಚ್ಚಿಕೊಡು ಅಂದಳು. ಅಪ್ಪ ಒಂದು ಕಬ್ಬಿನ ಹಂಗಾಮಿನ ಮಟ್ಟಿಗೆ ನೋಡೋಣ ಅಂದ. ನಾಲ್ಕು ಕಂಪ್ಯೂಟರುಗಳನ್ನು ಕಡಬುಗಳ ಹಾಗೆ ಗೋಣಿಚೀಲದಲ್ಲಿ ಸುತ್ತಿ ಟೆಂಪೋದಲ್ಲಿ ತಂದಿಳಿಸಿದೆವು.

ಚಿಗವ್ವ ಹೇಳಿದ ಲೆಕ್ಕ ಸರಿಯಾಗಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರು ಕಾರ್ಖಾನೆಗೆ ಬಂದ ಕೂಡಲೇ ಖಾಲಿ ಆಗುವುದಿಲ್ಲ. ಒಂದರ ಹಿಂದೊಂದು ಎರಡು ಟ್ರೇಲರ್ ಕಟ್ಟಿಕೊಂಡ ಗಾಡಿಗಳು ಕಾರ್ಖಾನೆಯ ಯಾರ್ಡಿನಲ್ಲಿ, ಅದು ತುಂಬಿದರೆ ರಸ್ತೆಯ ಮೇಲೂ, ಪಾಳಿ ಹಚ್ಚಿ ನಿಲ್ಲುತ್ತವೆ. ಪಾಳಿ ಬರುವತನಕ ಡ್ರೈವರಿಗೆ ಮಾಡಲು ಏನೂ ಕೆಲಸವಿಲ್ಲ. ಇಸ್ಪೀಟು ಆಡಬೇಕು, ಇಲ್ಲ ಟ್ರೇಲರಿನ ಕೆಳಗೆ ನೆರಳಲ್ಲಿ ಮಲಗಬೇಕು. ಗಾಡಿ ಹೊಡೆದು ಹೊಡೆದು ಬೇಸತ್ತವರು ಕಂಪ್ಯೂಟರಿನ ಮುಂದೆ ಕೂತು ಯಾವ ಆಟ ಆಡುತ್ತಾರೆ? ಗಾಡಿ ಹೊಡೆಯುವ ಆಟವನ್ನೇ. ನನ್ನಲ್ಲಿ ಓಟದ ಕಾರುಗಳಿದ್ದವು, ಗುಂಡು ಹಾರಿಸುವವು ಇದ್ದವು. ಅವನ್ನು ಯಾರೂ ಮುಟ್ಟಲಿಲ್ಲ. ಯಾವುದೋ ಪರದೇಶದ ರಸ್ತೆಯಲ್ಲಿ ದೊಡ್ಡ ಲಾರಿಯೊಂದನ್ನು ಸಾವಕಾಶವಾಗಿ ಓಡಿಸುವ ಒಂದು ಆಟಕ್ಕೆ ಇಡೀ ಯಾರ್ಡು ಗಂಟುಬಿದ್ದಿತು. ಕೂತ ಕೂಡಲೇ ಕೀಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಸ್ಟೇರಿಂಗಿಗೆ ಮಾಡುವಂತೆ. ಅಮಾವಾಸ್ಯೆ ದಿನ ನಾಲ್ಕೂ ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.

ಒಂದು ತೊಂದರೆಯಾಯಿತು. ಆ ಪರದೇಶದಲ್ಲಿ ಗಾಡಿಗಳು ಬಲಕ್ಕೆ ಹೋಗುತ್ತವೆ. ನಮ್ಮವರು ಹುಟ್ಟಾ ಎಡಕ್ಕೆ ಹೋಗುವವರು. ಹೀಗಾಗಿ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎದುರಿಗೆ ಬಂದ ಲಾರಿಗೆ ಹೋಗಿ ಗುದ್ದುವುದು, ಆಮೇಲೆ ಆ ಲಾರಿಯವನ ವಂಶವನ್ನೆಲ್ಲ ಜಾಲಾಡುವುದು. ನಾನು ಬಲಕ್ಕೆ ಹೋಗಿರೆಂದು ಎಷ್ಟು ಬಾಯಿ ಬಡಿದುಕೊಂಡರೂ ಒಬ್ಬನೂ ಒಪ್ಪಲಿಲ್ಲ. "ಅಂವಾ ರಾಂಗ್ ಸೈಡ್ ಬರಾಕ್ಹತ್ತಾನ್ರಿ ಅಕ್ಕಾರ, ನಾ ಯಾಕ ಸರೀಲಿ?" ಅನ್ನುವುದು ಅವರ ನ್ಯಾಯ.

ಈಗ ಗ್ರಾಫಿಕ್ಸಿನ ಮಾತಿಗೆ ಬರುತ್ತೇನೆ. ನನ್ನ ನಾಲ್ಕೂ ಕಂಪ್ಯೂಟರುಗಳಲ್ಲಿ ಚಿತ್ರ ತೋರಿಸುವ ಕೆಲಸಕ್ಕೆ ಬೇರೆ ಕಾರ್ಡು ಇರಲಿಲ್ಲ. ಮದರ್‌ಬೋರ್ಡಿನಲ್ಲೇ ಒಂದು ಚಿಪ್ಪು. ಅದಕ್ಕೆ ಸ್ವಂತ ಮೆಮೊರಿಯೂ ಇಲ್ಲ, ಕಂಪ್ಯೂಟರಿನ ಮೆಮೊರಿಯಲ್ಲೇ ಪಾಲು ತೆಗೆದುಕೊಳ್ಳಬೇಕು, ತುಂಬಿದ ಮನೆಯಲ್ಲಿ ಎಲ್ಲರೂ ಒಂದೇ ಗಂಗಾಳದಲ್ಲಿ ಉಂಡಂತೆ. ನಾನು ಜಾಣತನದಿಂದ ಸಂಸಾರ ತೂಗಿಸಿದೆ. ಆಟದ ಸೆಟ್ಟಿಂಗಿಗೆ ಹೋಗಿ ಗಿಡದ ನೆರಳು ತೆಗೆದೆ. ಹೊಗೆ ತೆಗೆದೆ. ಗಿಡಗಳನ್ನೂ ತೆಗೆದೆ. ಚಿತ್ರದ ಅಳತೆ ಸಣ್ಣದು ಮಾಡಿದೆ. ಬಯಲು, ರಸ್ತೆ, ಬಿಳಿ ಪಟ್ಟಿ, ಬಳಿದಂಥ ನೀಲಿ ಆಕಾಶ ಇಷ್ಟು ಉಳಿಯಿತು, ಆಟ ನೀರು ಹರಿದಂತೆ ಓಡಿತು. ಲಾರಿಯ ಕನ್ನಡಿಯನ್ನೂ ತೆಗೆದಿದ್ದೆ, ಯಾಕೆಂದರೆ ಕನ್ನಡಿ ಇದ್ದರೆ ಹಿಂದಿನ ರಸ್ತೆಯನ್ನೂ ಚಿಪ್ಪು ಬೇರೆಯಾಗಿ ಬರೆಯಬೇಕು, ದುಪ್ಪಟ್ಟು ಕೆಲಸ. ಅದಕ್ಕೆ ಮಾತ್ರ ದೊಡ್ಡ ಗದ್ದಲವಾಯಿತು. ಹಿಂದೆ ಟ್ರೇಲರ್ ಇದೆಯೋ ಬಿದ್ದಿದೆಯೋ ನೋಡದೆ ಗಾಡಿ ಹೊಡೆಯುವುದು ಹೇಗೆ ಅಂತ ಎಲ್ಲರೂ ಜಗಳಕ್ಕೆ ಬಂದರು. ಕನ್ನಡಿ ವಾಪಸು ಹಾಕಿ, ಅದರ ಬದಲು ಗುಡ್ಡಗಳನ್ನು ತೆಗೆದೆ. ಗುಡ್ಡ ಹೋದದ್ದನ್ನು ಒಬ್ಬರೂ ಕೇಳಲಿಲ್ಲ.

ನೋಡಿ, ಕಾರ್ಡಿಲ್ಲದ ಕಂಪ್ಯೂಟರು ಆಟಕ್ಕೆ ಸಾಕೋ ಸಾಲದೋ ಅಂತ ಕೇಳುವವರು ಮೊದಲು ಆಡುವವನನ್ನು ಕೇಳಬೇಕು, ನಿನಗೆ ಏನು ಕಾಣಬೇಕಪ್ಪಾ ಅಂತ. ಇಷ್ಟನ್ನು ನಾನು ಆ ಹಂಗಾಮಿನ ಮೊದಲ ತಿಂಗಳಲ್ಲೇ ಕಲಿತೆ. ಉಳಿದದ್ದನ್ನು ಕಲಿಸಿದವನು ಮಕ್ತುಮ್ ಕಾಕಾ.

ಮಕ್ತುಮ್ ಕಾಕಾ ಮನೋಳಿಯವನು. ಹರೆಯದಿಂದಲೂ ಟ್ರ್ಯಾಕ್ಟರ್ ಡ್ರೈವರು. ಹಿಂದಿನ ಹಂಗಾಮಿನಲ್ಲಿ ಒಂದು ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಲಾರಿಯೊಂದು ಇವನ ಬದಿಗೇ ನುಗ್ಗಿಬಂದಿತ್ತು. ಕಾಕಾ ಗಾಡಿಯನ್ನು ಅಂಚಿಗೆ ಒಯ್ದ. ಹಿಂದಿನ ಟ್ರೇಲರ್ ಮಗುಚಿತು, ಕಬ್ಬೆಲ್ಲ ಹೊಲಕ್ಕೆ ಚೆಲ್ಲಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಆ ಟ್ರೇಲರಿನ ಮೇಲೇ ಕೂತು ಬಂದಿದ್ದರು. ತಿರುವಿಗೆ ಸ್ವಲ್ಪ ಮೊದಲು ನೀರು ಕುಡಿಯುತ್ತೇವೆಂದು ಬಾವಿಯ ಹತ್ತಿರ ಇಳಿದವರು ಹತ್ತಲು ತಡಮಾಡಿದರು, ಇವನಿಗೆ ಸಿಟ್ಟು ಬಂದು ನಡೆದೇ ಬನ್ನಿ ಅಂತ ಬಿಟ್ಟು ಹೊರಟಿದ್ದ. ಅವನ ಸಿಟ್ಟೇ ಅವರ ಜೀವ ಉಳಿಸಿತ್ತು. ಎಲ್ಲರೂ ದೇವರು ದೊಡ್ಡವನು ಅಂದು ಸುಮ್ಮನಾದರು. ಇವನಿಗೆ ಸುಮ್ಮನಾಗಲು ಆಗಲಿಲ್ಲ. ಅವರು ಮೇಲೆ ಕೂತಿದ್ದರೆ ಅನ್ನುವ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿತು. ಗಾಡಿಯ ಹತ್ತಿರ ಹೋದರೂ ಹತ್ತದೆ ತಿರುಗಿ ಬರುತ್ತಿದ್ದ.

ಗಾಡಿಯ ಸಾಹುಕಾರರು ಒಳ್ಳೆಯವರು. ಈರಣ್ಣ ಅನ್ನುವ ಹುಡುಗನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ಈ ಹಂಗಾಮು ಮುಗಿಯುವುದರೊಳಗೆ ಗಾಡಿ ಹತ್ತಿದರೆ ನಿನ್ನ ಕೆಲಸ ನಿನಗೆ, ಇಲ್ಲವಾದರೆ ಈರಣ್ಣನನ್ನೇ ಕಾಯಂ ಮಾಡುತ್ತೇನೆ ಅಂದಿದ್ದರು. ಗಾಡಿ ಮಗುಚಿದ, ವಯಸ್ಸೂ ಆದ ಡ್ರೈವರನನ್ನು ಬೇರೆ ಯಾರು ಕರೆಯುತ್ತಾರೆ? ಅಲ್ಲಿಯತನಕ ಕಾಕಾ ನಮ್ಮ ಚಿಗವ್ವನ ಖಾನಾವಳಿಯಲ್ಲಿ ನೀರು ತುಂಬುತ್ತ, ಕಟ್ಟಿಗೆ ಒಡೆಯುತ್ತ ಇದ್ದ. ಪಾಳಿಯಲ್ಲಿ ತನ್ನ ಗಾಡಿ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಕೋಣೆ ಖಾಲಿ ಇದ್ದಾಗ ಕಾಕಾನನ್ನು ಕರೆದು ಕೂರಿಸಿದೆ. ಎದುರಿಗೆ ಬರುವ ಗಾಡಿಗಳನ್ನೆಲ್ಲ ಸೆಟ್ಟಿಂಗಿನಲ್ಲಿ ಬಂದ್ ಮಾಡಿದ್ದೆ. ಬರಿದಾದ ರಸ್ತೆ, ಬರಿದಾದ ಬಯಲು. ಇದರಲ್ಲಿ ಏನಿದೆ ಹೆದರಲು ಅಂತ ಅವನಿಗೇ ನಗು ಬಂತು. ಕೀಲಿ ಒತ್ತಿದ, ಲಾರಿ ಹೊರಟಿತು. ಮರುದಿನ ನಾನು ಕರೆಯುವ ಮೊದಲೇ ಬಂದು ನಿಂತಿದ್ದ. ಅಂದೇ ಚಿಗವ್ವನಿಗೆ ಹೇಳಿದೆ, ಹಂಗಾಮು ಮುಗಿಯುವುದರೊಳಗೆ ಮಕ್ತುಮ್ ಕಾಕಾನನ್ನು ಗಾಡಿ ಹತ್ತಿಸದಿದ್ದರೆ ನನ್ನ ಹೆಸರು ಬದಲಿಸು ಅಂತ. ಅವಳು ಹಿಟ್ಟು ನಾದುತ್ತ, ಕಂಪ್ಯೂಟರಿನಿಂದ ಟ್ರ್ಯಾಕ್ಟರ್ ಹತ್ತಿಸಾಕಿ, ನೋಡೋಣ ಬಾ ಅಂತ ಮೂಗು ಮುರಿದಳು.

ಸಂಕ್ರಾಂತಿಯ ಹೊತ್ತಿಗೆ ನನ್ನ ತಮ್ಮ ಬಸು ಬಂದ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು ಭಾನುವಾರಗಳಿಗೆ ಬಂದುಹೋಗುತ್ತಿದ್ದ. ನನ್ನ ಆಟದ ಚಿತ್ರ ನೋಡಿ, ಇದು ರಸ್ತೆಯೋ ಸ್ಲೇಟಿನ ಮೇಲೆ ಎಳೆದ ಗೆರೆಯೋ ಅಂತ ನಕ್ಕ. ಮುಂದಿನ ಸಲ ಗೆಳೆಯನಿಂದ ಒಂದು ಗ್ರಾಫಿಕ್ಸ್ ಕಾರ್ಡು ತಂದು ಬಾಗಿಲ ಪಕ್ಕದ ಕಂಪ್ಯೂಟರಿಗೆ ಕೂರಿಸಿದ. ನಾನು ಬೇಡವೆಂದೆ. ಕರೆಂಟು ಹೋದಾಗ ಯು.ಪಿ.ಎಸ್ ಮೊದಲೇ ಏದುಸಿರು ಬಿಡುತ್ತದೆ, ಇದು ಇನ್ನಷ್ಟು ಕುಡಿಯುತ್ತದೆ. ಮೇಲೆ ಅದಕ್ಕೊಂದು ಬೇರೆ ಫ್ಯಾನು. ಕಾರ್ಖಾನೆಯ ಚಿಮಣಿಯಿಂದ ಬೀಳುವ ಕರಿ ಬೂದಿ ಒಣಹಾಕಿದ ಬಟ್ಟೆಯನ್ನೇ ಬಿಡುವುದಿಲ್ಲ, ಆ ಫ್ಯಾನನ್ನು ಬಿಡುತ್ತದೆಯೇ? ಬಸು ಕೇಳಬೇಕಲ್ಲ. ತೆಗೆದಿದ್ದನ್ನೆಲ್ಲ ವಾಪಸು ಹಾಕಿದ. ಗಿಡ, ಗುಡ್ಡ, ನೆರಳು, ಮಳೆ, ಎದುರಿನ ಲಾರಿಯ ಗಾಜಿನ ಮೇಲೆ ಹೊಳೆಯುವ ಬಿಸಿಲು. ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ಹರೆಯದ ಡ್ರೈವರುಗಳು ಆ ಒಂದು ಕಂಪ್ಯೂಟರಿಗಾಗಿ ಅಲ್ಲೂ ಪಾಳಿ ಹಚ್ಚಿದರು. ನನಗೆ ಹೊಟ್ಟೆಕಿಚ್ಚಾಯಿತು.

ಕಾಕಾನಿಗೂ ಒಳ್ಳೆಯದಾಗಲಿ ಅಂತ ಬಸು ಅವನನ್ನು ಅದರ ಮುಂದೆ ಕೂರಿಸಿದ. ನಾನು ಒಳಗೆ ಚಹಾಕ್ಕೆ ಹೋಗಿದ್ದೆ. ಕುರ್ಚಿ ಬಿದ್ದ ಸಪ್ಪಳ ಕೇಳಿ ಓಡಿಬಂದೆ. ಕಾಕಾ ಗೋಡೆಗೆ ಒರಗಿ ನಿಂತಿದ್ದ, ಹಣೆಯ ಮೇಲೆ ಬೆವರು. ತಿರುವಿನಲ್ಲಿ ಎದುರಿನಿಂದ ಲಾರಿ ಬಂದಿತ್ತು. ಅದರ ನೆರಳು ಮೊದಲು ರಸ್ತೆಯ ಮೇಲೆ ಬಿತ್ತಂತೆ, ಆ ದಿನ ಬಿದ್ದಂತೆಯೇ. ಅವನು ಯಾರನ್ನೂ ಬೈಯಲಿಲ್ಲ. ಹೊರಗೆ ಹೋದ, ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಬಸುನ ಮೇಲೆ ನಾನು ಹರಿಹಾಯ್ದೆ. ಅವನು ತಣ್ಣಗೆ, ಖರೇ ರಸ್ತೆಯ ಹಾಗೆ ಕಂಡಿತು ಅಂದಮೇಲೆ ಕಾರ್ಡು ತನ್ನ ಕೆಲಸ ಮಾಡಿದೆ ಅಂದ. ಖರೇ ರಸ್ತೆಗೆ ಹೆದರಿದವನನ್ನು ಖರೇ ರಸ್ತೆಗೇ ಒಯ್ದು ಬಿಟ್ಟೆಯಲ್ಲೋ, ದೊಡ್ಡ ಶಾಣ್ಯಾ, ಅಂದೆ. ಅವನ ಮುಖ ಸಣ್ಣದಾಯಿತು. ಪಾಪ, ಅವನದೂ ತಪ್ಪಲ್ಲ.

ಕಾಕಾನನ್ನು ವಾಪಸು ತಂದದ್ದು ನಾನೂ ಅಲ್ಲ, ಬಸುನೂ ಅಲ್ಲ. ನೀರು ತುಂಬುವವರಿಲ್ಲದೆ ಖಾನಾವಳಿ ನಡೆಯುವುದಿಲ್ಲ ಅಂತ ಚಿಗವ್ವ ಹೇಳಿಕಳಿಸಿದಳು. ಅವನು ಬಂದ, ಆದರೆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಆ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹಳೆಯ, ಕಾರ್ಡಿಲ್ಲದ ಕಂಪ್ಯೂಟರಿನ ಮುಂದೆ ಕೂತಳು. ನನಗೂ ಹಚ್ಚಿಕೊಡು, ಊರೆಲ್ಲ ಆಡುತ್ತದೆ, ನಾನೇನು ಪಾಪ ಮಾಡಿದ್ದೇನೆ ಅಂದಳು. ಹುಟ್ಟಿದಾಗಿನಿಂದ ಸೈಕಲ್ಲನ್ನೂ ತುಳಿದವಳಲ್ಲ. ಲಾರಿ ಹೊರಟಿತು, ನೆಟ್ಟಗೆ ಬಯಲಿಗೆ ಹೋಯಿತು. ಮತ್ತೆ ಶುರುಮಾಡಿದಳು, ಮತ್ತೆ ಬಯಲಿಗೆ. ತಿರುವು ಬಂದರೆ ತಾನೇ ಕುರ್ಚಿಯ ಮೇಲೆ ವಾಲುತ್ತಿದ್ದಳು, ಲಾರಿ ವಾಲುತ್ತಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದ ಕಾಕಾನಿಗೆ ತಡೆಯಲು ಆಗಲಿಲ್ಲ.

"ಹಂಗಲ್ರೀ ಗಂಗವ್ವಾರ," ಅಂತ ಒಳಗೆ ಬಂದ. "ತಿರುವಿಗಿ ಮೊದಲ ಬ್ರೇಕ್ ಹಚ್ಚಬೇಕು. ತಿರುವಿನ್ಯಾಗ ಹಚ್ಚಿದ್ರ ಹಿಂದಿನ ಟ್ರೇಲರ್ ದೂಡತೈತಿ."

"ನನಗ ಹೇಳಿದ್ರ ತಿಳಿಯಂಗಿಲ್ಲೋ ಮಕ್ತುಮಾ. ನೀ ಹೊಡದ ತೋರಸು."

ಅವನು ಕೊಡ ಕೆಳಗಿಟ್ಟು ಕೂತ. ಅವನು ಹೊಡೆದು ತೋರಿಸುವುದು, ಇವಳು ಬಯಲಿಗೆ ಬೀಳಿಸುವುದು, ಅವನು ತಲೆ ಚಚ್ಚಿಕೊಂಡು ಮತ್ತೆ ತೋರಿಸುವುದು, ಹೀಗೆ ದಿನಾ ನಡೆಯಿತು. ಚಿಗವ್ವ ಇದನ್ನು ಬೇಕಂತಲೇ ಮಾಡಿದಳೋ ಅಂತ ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತು, ಅವಳಿಗೆ ಖರೇನೇ ಆಡಬೇಕಿತ್ತು.

ಈ ಸಲ ನಾನು ಗಡಿಬಿಡಿ ಮಾಡಲಿಲ್ಲ. ಕೆಲ ದಿನ ಬರಿದಾದ ರಸ್ತೆಯೇ ಇರಲಿ ಅಂತ ಬಿಟ್ಟೆ. ಆಮೇಲೆ ಕಾಕಾನನ್ನು ಕೇಳಿ ಗಿಡಗಳನ್ನು ಹಾಕಿದೆ. ಅವಕ್ಕೆ ಒಗ್ಗಿಕೊಂಡ ಮೇಲೆ ಗುಡ್ಡ. ಆಮೇಲೆ ನೆರಳು. ಕೊನೆಗೆ ಎದುರಿನ ಗಾಡಿಗಳು, ಮೊದಲು ಅಲ್ಲೊಂದು ಇಲ್ಲೊಂದು. ಎದುರಿನ ಗಾಡಿ ಹಾಕಿದ ದಿನ ಅವನ ಮುಂದೆ ಕೈ ಕಟ್ಟಿಕೊಂಡು ಹೇಳಿದೆ, ಬಲಕ್ಕೆ ಹೋಗಬೇಕು ಅಂತ. ಇಡೀ ಯಾರ್ಡಿನಲ್ಲಿ ಆ ಮಾತು ಕೇಳಿದವನು ಅವನೊಬ್ಬನೇ. ಆದರೆ ಒಂದೊಂದು ಹಾಕಿದಂತೆ ನನ್ನ ಬಡಪಾಯಿ ಚಿಪ್ಪಿಗೆ ಭಾರ ಹೆಚ್ಚಿತು. ತಿರುವಿನಲ್ಲಿ ಗಿಡ, ನೆರಳು, ಲಾರಿ, ಕನ್ನಡಿ ಎಲ್ಲ ಒಟ್ಟಿಗೆ ಬಂದಾಗ ಚಿತ್ರ ಎಳೆಯತೊಡಗಿತು. ಲಾರಿ ಜಗ್ಗಿ ಜಗ್ಗಿ ಮುಂದೆ ಹೋಗುತ್ತಿತ್ತು. ನನಗೆ ನಾಚಿಕೆಯಾಯಿತು. ಆ ಭಾನುವಾರ ಬಸುನೂ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಈಗ ನಗುತ್ತಾನೆ ಅಂದುಕೊಂಡೆ.

ಕಾಕಾ ಮಾತ್ರ ಬೇಸರಪಡಲಿಲ್ಲ. ಕೀಲಿಯ ಮೇಲಿನ ಬೆರಳು ಸಡಿಲ ಮಾಡಿದ, ಗೇರ್ ಇಳಿಸಿದ, ಕನ್ನಡಿ ನೋಡಿದ, ಸಾವಕಾಶ ತಿರುವು ದಾಟಿಸಿದ. "ಲೋಡ್ ಐತಿ ತಂಗಿ," ಅಂದ. "ಲೋಡ್ ಇದ್ದಾಗ ಗಾಡಿ ಹಿಂಗ ಎಳೀತೈತಿ. ಅವಸರ ಮಾಡಬಾರದು, ತಡಕೊಂಡು ಹೋಗಬೇಕು."

ಬಸು ಬಾಗಿಲ ಪಕ್ಕದ ಕಂಪ್ಯೂಟರನ್ನು ತೋರಿಸಿ, ಅದರಲ್ಲಿ ಇಷ್ಟು ಎಳೆಯುವುದಿಲ್ಲ ಕಾಕಾ, ಬೇಕಾದರೆ ಎದುರಿನ ಗಾಡಿ ತೆಗೆದು ಹಾಕಿಕೊಡುತ್ತೇನೆ ಅಂದ.

"ಬ್ಯಾಡೋ ಅಪ್ಪಾ. ಅದು ಖಾಲಿ ಗಾಡಿ ಐತಿ. ಖಾಲಿ ಗಾಡಿ ಯಾರರ ಹೊಡೀತಾರ."

ಬಸು ನನ್ನ ಮುಖ ನೋಡಿದ. ನಾನು ಗೆದ್ದೆ ಅಂತ ಹಲ್ಲು ಕಿರಿಯಬಹುದಿತ್ತು, ಕಿರಿಯಲಿಲ್ಲ, ಯಾಕೆಂದರೆ ನನಗೂ ಅದು ಆಗಲೇ ಹೊಳೆದದ್ದು. ನಾನು ಇಷ್ಟು ದಿನ ಚಿತ್ರ ಎಳೆಯದಂತೆ ಮಾಡುವುದೇ ಜಾಣತನ ಅಂದುಕೊಂಡಿದ್ದೆ. ಕಬ್ಬು ಹೇರಿದ ಗಾಡಿ ಹೊಡೆದವನ ಕೈಗೆ ಭಾರ ಸಿಗಬೇಕಿತ್ತು, ಆ ಭಾರವನ್ನು ನನ್ನ ದುರ್ಬಲ ಚಿಪ್ಪು ತಾನಾಗಿಯೇ ಕೊಟ್ಟಿತ್ತು. ಅಷ್ಟೊತ್ತಿಗೆ ಕಾರ್ಡಿನ ಫ್ಯಾನು ಬೂದಿ ತಿಂದು ಗೊರಗೊರ ಅನ್ನುತ್ತಿತ್ತು ಕೂಡ. ಬಸು ತಾನೇ ಅದನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡ. ಹಾಸ್ಟೆಲ್ಲಿಗೆ ಒಯ್ಯುತ್ತೇನೆ, ಖಾಲಿ ಗಾಡಿ ಹೊಡೆಯುವವರೆಲ್ಲ ಅಲ್ಲೇ ಇದ್ದೇವೆ ಅಂತ ನಕ್ಕ. ಅವತ್ತು ನನಗೆ ತಮ್ಮನ ಮೇಲೆ ಬಹಳ ಪ್ರೀತಿ ಬಂತು.

ಆದರೂ ಕಂಪ್ಯೂಟರು ಕಂಪ್ಯೂಟರೇ. ಶಿವರಾತ್ರಿ ಹೋಯಿತು, ಬಿಸಿಲು ಏರಿತು, ಪಾಳಿ ದಿನದಿನಕ್ಕೆ ಗಿಡ್ಡವಾಗುತ್ತ ಬಂತು. ಹೊಲಗಳಲ್ಲಿ ಕಬ್ಬು ಮುಗಿಯುತ್ತಿದೆ ಅಂತ ಎಲ್ಲರೂ ಅನ್ನುತ್ತಿದ್ದರು. ಕಾಕಾ ಎದುರಿನ ಗಾಡಿಗಳ ನಡುವೆ ಲಾರಿಯನ್ನು ಚೆಂದಾಗಿ ಒಯ್ಯುತ್ತಿದ್ದ, ಆಮೇಲೆ ಎದ್ದು ಕಟ್ಟಿಗೆ ಒಡೆಯಲು ಹೋಗುತ್ತಿದ್ದ. ಒಂದೇ ಬದಲಾವಣೆ ಅಂದರೆ ತನ್ನ ಗಾಡಿ ಬಂದಾಗ ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದ. ಖಾನಾವಳಿಯ ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದ. ಚಿಗವ್ವ ನನ್ನ ಹೆಸರು ಏನು ಬದಲಿಸಲಿ ಅಂತ ದಿನಾ ಕೇಳುತ್ತಿದ್ದಳು. ನನಗೆ ಒಳಗೊಳಗೇ ದಿಗಿಲು ಹತ್ತಿತ್ತು, ತೋರಿಸಿಕೊಳ್ಳಲಿಲ್ಲ.

ಹಂಗಾಮಿನ ಕೊನೆಯ ದಿನಗಳಲ್ಲಿ ಒಂದು ಮುಂಜಾನೆ ಆ ಗಾಡಿ ಖಾನಾವಳಿಯ ಎದುರಿಗೇ ಪಾಳಿಯಲ್ಲಿ ನಿಂತಿತ್ತು. ಈರಣ್ಣನಿಗೆ ಹಿಂದಿನ ದಿನದಿಂದ ಜ್ವರ, ಇಳಿದುಬಂದು ನಮ್ಮ ಬೆಂಚಿನ ಮೇಲೆ ಮೈಚೆಲ್ಲಿದ. ಅಷ್ಟರಲ್ಲಿ ಪಾಳಿ ಸರಿಯಿತು. ಮುಂದಿನ ಗಾಡಿ ಹೋಯಿತು, ಹಿಂದಿನವರು ಹಾರ್ನ್ ಒತ್ತತೊಡಗಿದರು. ಈರಣ್ಣ ಏಳಲು ಹೋಗಿ ಮತ್ತೆ ಕುಸಿದ. ಪಾಳಿ ತಪ್ಪಿದರೆ ಹಿಂದಿನವನು ನುಗ್ಗುತ್ತಾನೆ. ಯಾವ ಡ್ರೈವರನಾದರೂ ಹೋಗಿ ಗಾಡಿ ಸರಿಸಬಹುದಿತ್ತು. ಎಲ್ಲರೂ ಮಕ್ತುಮ್ ಕಾಕಾನನ್ನೇ ನೋಡುತ್ತ ನಿಂತರು, ನಾನೂ ಸಹ.

ಅವನು ಕೊಡಲಿಯನ್ನು ಕಟ್ಟಿಗೆಗೆ ಒರಗಿಸಿಟ್ಟ. ರಸ್ತೆ ದಾಟಿ ಗಾಡಿಯ ಹತ್ತಿರ ಹೋದ, ಹತ್ತಲಿಲ್ಲ. ಮೊದಲು ಟ್ರೇಲರುಗಳ ಸುತ್ತ ನಡೆದುಬಂದ, ಕೊಂಡಿ ಅಲ್ಲಾಡಿಸಿ ನೋಡಿದ. ಹಿಂದಿನ ಟ್ರೇಲರಿನ ಕಬ್ಬಿನ ಮೇಲೆ ಗ್ಯಾಂಗಿನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವನು ತಲೆಯೆತ್ತಿ ಅವರಿಗೆ ಇಳಿಯಲು ಹೇಳಿದ. ಇಲ್ಲೇ ನಾಲ್ಕು ಹೆಜ್ಜೆ ಹೋಗುವುದಕ್ಕೆ ಯಾಕೆ ಇಳಿಸುತ್ತೀ ಅಂತ ಒಬ್ಬಾಕೆ ಗೊಣಗಿದಳು.

"ನಾಕ ಹೆಜ್ಜಿ ಇರ್ಲಿ, ಒಂದ ಹೆಜ್ಜಿ ಇರ್ಲಿ," ಅಂದ ಕಾಕಾ. "ನಾ ಹೊಡಿಯೂ ಗಾಡಿ ಮ್ಯಾಲ ಯಾರೂ ಕುಂದ್ರಂಗಿಲ್ಲವ್ವಾ. ಇಳೀರಿ."

ಅವರು ಇಳಿದರು. ಹಿಂದಿನವರ ಹಾರ್ನು ತಾನಾಗಿಯೇ ನಿಂತಿತ್ತು. ಅವನು ಹತ್ತಿ ಕೂತ, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕನ್ನಡಿ ಸರಿಮಾಡಿಕೊಂಡ, ನಾನು ಕಟ್ಟೆಯಿಂದಲೇ ಕಂಡೆ. ಗೇರ್ ಹಾಕಿದ. ಗಾಡಿ ಒಮ್ಮೆ ಜಗ್ಗಿತು, ಎಳೆಯಿತು, ಎರಡೂ ಟ್ರೇಲರುಗಳು ಕಿರುಗುಟ್ಟಿ ಅದರ ಹಿಂದೆ ಹೊರಟವು. ನನಗೆ ಅಳು ಬಂತು, ಎಲ್ಲರ ಎದುರಿಗೇ ಅತ್ತೆ. ಚಿಗವ್ವ ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಸವರಿದಳು.

ಗೊಣಗಿದ ಆ ಹೆಂಗಸು ಸೆರಗು ಬಿಗಿದುಕೊಂಡು ಇಳಿದವರಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಕಳೆದ ವರ್ಷ ಬಾವಿಯ ಹತ್ತಿರ ಇಳಿದವರಲ್ಲಿ ತಾನೂ ಒಬ್ಬಳು ಅಂತ ಅವಳು ನಮ್ಮ ಚಿಗವ್ವನಿಗೆ ಹೇಳಿದ್ದು ಆಮೇಲೆ. ಆಗ ಮಾತ್ರ ಅವಳು ಮಕ್ತುಮ್ ಕಾಕಾನ ಕನ್ನಡಿಯಲ್ಲಿ ಕಾಣುವ ಹಾಗೆ ರಸ್ತೆಯ ಅಂಚಿಗೆ ಸರಿದು, ಕಾರ್ಖಾನೆಯ ಗೇಟಿನ ತನಕ ಗಾಡಿಯ ಹಿಂದೆ ನಡೆದುಕೊಂಡು ಹೋದಳು.